ಎಲ್ಲಕ್ಕಿಂತ ಮೇಲಿದ್ದ ಅರ್ಜಿ

ಆ ದಿನದ ಅನರ್ಥಕ್ಕೆಲ್ಲ ಮೂಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಬಾಣ. ಅದು ಯಾವ ಬಿಲ್ಲಿನಿಂದಲೂ ಹೊರಡಲಿಲ್ಲ, ಯಾರ ಎದೆಗೂ ನಾಟಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ, ಮೌಸು ಎಳೆದತ್ತ, ದಾರಿ ತಪ್ಪಿದ ಇರುವೆಯಂತೆ ತನ್ನ ಪಾಡಿಗೆ ಓಡಾಡಿಕೊಂಡಿತ್ತು. ಆದರೂ ಸಂಜೆಯ ಹೊತ್ತಿಗೆ ಒಬ್ಬ ಮನುಷ್ಯನನ್ನು ನೆಲದೊಳಕ್ಕೆ ಇಳಿಸಿಬಿಟ್ಟಿತು.

ಆ ಮನುಷ್ಯ ಒಂದು ಕೊಡೆ ಕಂಪನಿಯ ಕಚೇರಿಯಲ್ಲಿ ಬೆರಳಚ್ಚುಗಾರ. ತಂದೆತಾಯಿ ಇಟ್ಟ ಹೆಸರೊಂದು ಅವನಿಗಿತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು. ಉಳಿದೆಲ್ಲರಿಗೂ ಅವನು ಟಕಟಕಣ್ಣ. ಯೌವನವನ್ನೆಲ್ಲ ಹಳೆಯ ಟೈಪ್‌ರೈಟರಿನ ಮೇಲೆ ಕುಟ್ಟಿ ಮುಗಿಸಿದವನು. ಯಂತ್ರ ಗುಜರಿಗೆ ಹೋಯಿತು. ಅದು ಕಲಿಸಿದ ಅಭ್ಯಾಸಗಳು ಮಾತ್ರ, ಸತ್ತವರ ಮನೆಯಲ್ಲಿ ಉಳಿದ ನೆಂಟರಂತೆ, ಹೊರಡುವ ಮಾತೇ ಎತ್ತಲಿಲ್ಲ.

ಟೈಪ್ ಮಾಡುವಾಗ ಅವನ ಕಣ್ಣು ಎದುರಿಗಿಟ್ಟ ಹಸ್ತಪ್ರತಿಯ ಮೇಲಿರುತ್ತಿತ್ತು, ಪರದೆಯ ಮೇಲಲ್ಲ. ಪರದೆ ನೋಡುತ್ತ ಟೈಪ್ ಮಾಡುವುದೆಂದರೆ, ಹೆಂಡತಿ ಬಡಿಸುತ್ತಿರುವಾಗ ಪಾತ್ರೆಯೊಳಕ್ಕೆ ಇಣುಕಿ ನೋಡಿದ ಹಾಗೆ ಎಂದು ಅವನು ಬಗೆದಿದ್ದ. ಇನ್ನೊಂದು ಅಭ್ಯಾಸ ಅವನಿಗೇ ತಿಳಿಯದಂಥದು. ಹಳೆಯ ಯಂತ್ರದಲ್ಲಿ ಸಾಲು ಮುಗಿದೊಡನೆ ಎಡಗೈಯಿಂದ ಒಂದು ಹಿಡಿಯನ್ನು ಬಲಕ್ಕೆ ನೂಕಬೇಕಿತ್ತು; ಕಾಗದ ಹೊತ್ತ ಉರುಳೆ ಗರಗರನೆ ಸರಿದು ಹೊಸ ಸಾಲಿಗೆ ಅಣಿಯಾಗುತ್ತಿತ್ತು. ಆ ನೂಕಿನಲ್ಲಿ ಒಂದು ಸುಖವಿತ್ತು: ಒಂದು ಮಾತು ಮುಗಿಯಿತು, ಬದುಕು ಇನ್ನೂ ಒಂದು ಸಾಲು ಕೊಟ್ಟಿದೆ ಎಂಬ ಸುಖ. ಕಂಪ್ಯೂಟರಿಗೆ ಅಂಥ ಹಿಡಿಯಿಲ್ಲ. ಸುಮ್ಮನಿರಲಾರದ ಎಡಗೈ, ಪಕ್ಕದಲ್ಲಿದ್ದ ಮೌಸನ್ನೇ ನೂಕುತ್ತಿತ್ತು. ಒಂದು ಸಾಲು ಮುಗಿಸಿ ಎಂಟರ್ ಒತ್ತಿದರೆ ಮೌಸು ಬಲಕ್ಕೆ. ಮುಂದಿನ ಸಾಲು ಮುಗಿಸಿ ಎಂಟರ್ ಒತ್ತಿದರೆ, ದೂರ ಸರಿದಿದ್ದ ಅದನ್ನು ಮತ್ತೆ ಎಡಕ್ಕೆ ಎಳೆದುಕೊಳ್ಳುವುದು. ಅದುವರೆಗೆ ಇದರಿಂದ ಯಾರಿಗೂ ಕೇಡಾಗಿರಲಿಲ್ಲ.

ಕಚೇರಿಯ ಕೆಳಗೆ ನೆಲಮಾಳಿಗೆಯಲ್ಲಿ ಕಂಪನಿಯ ಉಗ್ರಾಣ. ಅಲ್ಲಿ ಮಾರಾಟವಾಗದ ಸಾವಿರಾರು ಕೊಡೆಗಳು, ಮಳೆಯನ್ನೇ ಕಾಣದೆ, ಮುದುಡಿದ ಬಾವಲಿಗಳಂತೆ ಸಾಲುಸಾಲಾಗಿ ತೂಗಾಡುತ್ತಿದ್ದವು. ಬೆಳಕೆಂದರೆ ಒಂದು ಬಲ್ಬು. ಗಾಳಿಯೆಂದರೆ ಯಾರಾದರೂ ಬಾಗಿಲು ತೆರೆದಾಗ ಬರುವುದು. ಉಳಿದದ್ದೆಲ್ಲ ಧೂಳು. ಆ ಉಗ್ರಾಣವನ್ನು ಇಷ್ಟು ಕಾಲ ನೋಡಿಕೊಂಡಿದ್ದ ಸ್ಟೋರಣ್ಣನಿಗೆ ಅಂದು ನಿವೃತ್ತಿ. ಅವನ ಜಾಗಕ್ಕೆ ಟಕಟಕಣ್ಣನನ್ನು ಹಾಕುತ್ತಾರೆಂಬ ಸುದ್ದಿ ಕಚೇರಿಯ ಮೇಜಿನಿಂದ ಮೇಜಿಗೆ ಹರಿದು, ಕಟ್ಟಕಡೆಗೆ ಟಕಟಕಣ್ಣನಿಗೂ ತಲುಪಿತ್ತು.

ಟಕಟಕಣ್ಣನಿಗೆ ಉಬ್ಬಸ. ಹಳೆಯ ಫೈಲು ಕೊಡವಿದರೂ ಎದೆಯೊಳಗೆ ಬೆಕ್ಕಿನ ಮರಿಗಳು ಕೂಗಿಕೊಳ್ಳುತ್ತಿದ್ದವು. ಬೆಳಿಗ್ಗೆ ಹೊರಡುವಾಗ ಹೆಂಡತಿ ಇನ್‌ಹೇಲರನ್ನು ಅವನ ಜೇಬಿಗೆ ತುರುಕುತ್ತ ಹೇಳಿದ್ದಳು: “ನೋಡಿ, ಆ ಗುಹೆಗೆ ಹಾಕಿದ್ರೆ ನೀವು ಒಂದು ತಿಂಗಳು ತಡ್ಕೊಳ್ಳಲ್ಲ. ನಾಚ್ಕೊಂಡು ಸುಮ್ನಿರಬೇಡಿ. ಬಾಯಿ ಬಿಟ್ಟು ಹೇಳಿ.”

ಹೇಳುವುದಾದರೂ ಯಾರಿಗೆ? ಸಾಹೇಬರು ಕೆಟ್ಟವರಲ್ಲ, ಆದರೆ ಎದುರಿಗೆ ನಿಂತು ಮಾತಾಡುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಗಾಜಿನ ಕೋಣೆಯಲ್ಲಿ ಕುಳಿತು, ಕೂಗಿದರೆ ಕೇಳುವಷ್ಟು ಹತ್ತಿರದವರಿಗೂ ಕಂಪ್ಯೂಟರಿನಲ್ಲೇ ಸಂದೇಶ ಕಳಿಸುತ್ತಿದ್ದರು. ಅದು ಇವರ ಪರದೆಯ ಮೇಲೆ ಒಂದು ಪುಟ್ಟ ಕಿಟಕಿಯಾಗಿ ತೆರೆದುಕೊಳ್ಳುತ್ತಿತ್ತು. ಉತ್ತರ ಬರೆದು ಎಂಟರ್ ಒತ್ತಿದರೆ ಅವರ ಕೋಣೆಯಲ್ಲಿ ‘ಟಿಣ್’ ಎನ್ನುತ್ತಿತ್ತು. ಹಿಂದಿನ ಸಂಜೆ ಟಕಟಕಣ್ಣ ಧೈರ್ಯ ಮಾಡಿ ಅವರ ಬಾಗಿಲಲ್ಲಿ ನಿಂತಾಗ, ಅವರು ಮೇಜಿನ ಡ್ರಾಯರಿನೊಳಕ್ಕೆ ಏನನ್ನೋ ಹುಡುಕುವವರಂತೆ ತಲೆತಗ್ಗಿಸಿ, “ನೋಡಿ ಇವರೇ, ಏನಿದ್ರೂ ಬರೆದು ಕೊಡಿ. ನಾಳೆ ನಾಲ್ಕು ಗಂಟೆಯೊಳಗೆ” ಎಂದಿದ್ದರು.

ಹೀಗಾಗಿ ಅಂದು ಬೆಳಿಗ್ಗೆ ಬಂದವನೇ ಅರ್ಜಿ ಬರೆದ. ಜೀವಮಾನವಿಡೀ ಇತರರ ಮಾತನ್ನು ಅಚ್ಚು ಮಾಡಿದವನಿಗೆ ತನ್ನ ಮಾತು ಒಂದು ಪುಟ ತುಂಬುವಷ್ಟಿದೆ ಎಂಬುದೇ ಆಶ್ಚರ್ಯವಾಯಿತು. ಅದನ್ನು ಮುಗಿಸುವಷ್ಟರಲ್ಲಿ ಕ್ಯಾಷಿಯರ್ ಅಕ್ಕ ಎರಡು ಕೈಯಲ್ಲೂ ಒಂದು ಹಾಳೆ ಹಿಡಿದು ಬಂದಳು. ಕಚೇರಿಯಲ್ಲಿ ಸಾಹಿತ್ಯವೆಂದರೆ ಅವಳೇ.

“ಟಕಟಕಣ್ಣ, ಸ್ಟೋರಣ್ಣನ ಮಾನಪತ್ರ. ರಾತ್ರಿಯೆಲ್ಲ ಕೂತು ಬರೆದಿದ್ದೀನಿ. ಬರೀತಾ ಬರೀತಾ ನಂಗೇ ಅಳು ಬಂತು.”

“ಅವರು ಓದಿ ಅಳದಿದ್ರೆ ಸಾಕಕ್ಕ.”

“ಅಳಲಿ ಅಂತಾನೇ ಬರೆದಿರೋದು! ಒಂದಕ್ಷರ ಆಚೀಚೆ ಆಗ್ಬಾರ್ದು. ಸಂಜೆ ಸಾಹೇಬ್ರೇ ಓದ್ತಾರೆ.”

ಟಕಟಕಣ್ಣ ಮಾನಪತ್ರಕ್ಕೆಂದು ಹೊಸ ಪುಟ ತೆರೆದ. ಅರ್ಜಿ ಮಾಯವಾಯಿತು. ಹುಡುಕಿ ಅದನ್ನು ಒತ್ತಿದ. ಈಗ ಮಾನಪತ್ರ ಮಾಯವಾಯಿತು. ಅದನ್ನು ಒತ್ತಿದರೆ ಇದಿಲ್ಲ, ಇದನ್ನು ಒತ್ತಿದರೆ ಅದಿಲ್ಲ. ಸವತಿಯರ ನಡುವಿನ ಗಂಡನಂತೆ ಅವನು ಬೆವರುತ್ತಿದ್ದಾಗ, ಹಿಂದಿನಿಂದ ಒಂದು ಕೈ ಬಂದು ಮೌಸನ್ನು ಕಸಿದುಕೊಂಡಿತು. ಬಿಲ್ ವಿಭಾಗದ ಸಲಹೆಯಪ್ಪನದು. ಕೇಳದೆ ಸಲಹೆ ಕೊಡುವುದು ಅವನಿಗೆ ಉಸಿರಾಟದಷ್ಟೇ ಸಹಜ.

“ಎಲ್ಲಿಗೂ ಹೋಗಿಲ್ಲ ಅಣ್ಣ. ಇವೆಲ್ಲ ಒಂದರ ಮೇಲೊಂದು ಇಟ್ಟ ಕಾಗದ ಇದ್ದ ಹಾಗೆ. ಮುಟ್ಟಿದ್ದು ಮೇಲೆ ಬರುತ್ತೆ, ಉಳಿದಿದ್ದು ಅಡೀಗೆ ಹೋಗುತ್ತೆ.”

“ನನ್ನ ಅರ್ಜಿ ಮಾತ್ರ ಅಡೀಗೆ ಹೋಗಬಾರದಪ್ಪ. ನಾನು ಹೋಗದೇ ಇರ್ಲಿ ಅಂತಲೇ ಅದನ್ನ ಬರೆದಿರೋದು.”

“ಅಷ್ಟೇ ತಾನೇ? ಅದನ್ನ ಬಲಗಡೆ ಇಟ್ಟು, ಮೇಲೇ ಅಂಟಿಸಿಬಿಡ್ತೀನಿ. ಇನ್ನು ಪ್ರಳಯ ಆದ್ರೂ ಅದರ ಮೇಲೆ ಯಾವ ಕಿಟಕೀನೂ ಬರಲ್ಲ.” ಟಕ್ ಎಂದು ಏನನ್ನೋ ಒತ್ತಿದ. “ಇನ್ನೊಂದು. ನೀವು ಟೈಪ್ ಮಾಡ್ತಿರುವಾಗ ನಡುವೆ ಏನೇನೋ ಹಾರಿ ಮುಂದೆ ಬರುತ್ತಲ್ಲ?”

“ಹೌದಪ್ಪ! ಮೊನ್ನೆ ಒಂದು ಪ್ರಶ್ನೆ ಹಾರಿ ಬಂತು. ನಾನು ನೋಡದೆ ಎಂಟರ್ ಒತ್ತಿದೆ, ಮಷೀನೇ ಆರಿಹೋಯ್ತು.”

“ಇನ್ನು ಬರಲ್ಲ. ಹೊಸದಾಗಿ ಬಂದಿದ್ದು ಮರ್ಯಾದೆಯಾಗಿ ಹಿಂದೆ ತೆರ್ಕೊಳ್ಳಲಿ. ಮತ್ತೆ ಈ ಒತ್ತೋ ಕಾಟ ಯಾಕೆ ನಿಮಗೆ? ಬಾಣ ಯಾವುದರ ಮೇಲಿರುತ್ತೋ ಅದೇ ನಿಮ್ಮ ಮಾತು ಕೇಳಿಸಿಕೊಳ್ಳೋ ಹಾಗೆ ಮಾಡಿದ್ದೀನಿ. ಒತ್ತಲೂಬೇಡಿ, ಮೇಲೆ ತರಲೂಬೇಡಿ.”

“ಮೇಲೆ ಬರದಿದ್ರೆ ಅದು ಹೇಗೆ ಕೇಳಿಸಿಕೊಳ್ಳುತ್ತೆ?”

“ನಮ್ಮ ಆಫೀಸ್ ಥರಾನೇ ಅಣ್ಣ. ಮುಂದೆ ಕೂತವರೇ ಕೇಳಿಸಿಕೊಳ್ತಾರೆ ಅಂತ ಏನಿದೆ? ಹಿಂದೆ ಮೂಲೆಯಲ್ಲಿ ಕಿವಿ ಕೊಟ್ಕೊಂಡಿರೋರು ಕೇಳಿಸಿಕೊಳ್ತಾರೆ.”

ಈ ಮಾತು ಟಕಟಕಣ್ಣನಿಗೆ ಅರ್ಥವಾಗಲಿಲ್ಲ. ಅರ್ಥವಾದವನಂತೆ ತಲೆಯಾಡಿಸಿದ. ಸಲಹೆಯಪ್ಪ ಇನ್ನೊಬ್ಬರ ಮೇಜು ಕೆಡಿಸಲು ಹೊರಟುಹೋದ.

ಅಷ್ಟರಲ್ಲಿ ಸಾಹೇಬರ ಕೋಣೆಗೆ ಚೆಕ್ಕುಗಳ ಸಹಿಗೆ ಹೋಗಿದ್ದ ಕ್ಯಾಷಿಯರ್ ಅಕ್ಕ ಮರಳಿ ಬಂದಳು. ಬಾಗಿ ಪಿಸುಗುಟ್ಟಿದಳು: “ನಿಮ್ಮ ಉಬ್ಬಸದ ವಿಷಯ ಸಾಹೇಬ್ರ ಕಿವಿಗೆ ಹಾಕಿದ್ದೀನಿ.”

“ಏನಂದ್ರು?”

“ಅವರೇನಂತಾರೆ? ಕಂಪ್ಯೂಟರ್ ಕಡೆ ತಿರುಗಿ ಟೈಪ್ ಮಾಡೋಕೆ ಶುರು ಮಾಡಿದ್ರು.”

ಟಕಟಕಣ್ಣ ಗಾಜಿನತ್ತ ನೋಡಿದ. ಸಾಹೇಬರು ತಲೆಯೆತ್ತಿ ಅವನನ್ನೇ ನೋಡುತ್ತಿದ್ದರು. ಮುಗುಳುನಕ್ಕು, ‘ಆಯಿತೇ?’ ಎಂಬಂತೆ ಹುಬ್ಬೇರಿಸಿದರು. ಮಾನಪತ್ರ ಆಯಿತೇ ಎಂದು ಕೇಳುತ್ತಿದ್ದಾರೆಂದು ಬಗೆದು ಇವನು ‘ಈಗಲೇ’ ಎಂದು ಕೈಸನ್ನೆ ಮಾಡಿದ. ತಿರುಗಿ ಕುಳಿತಾಗ, ಪರದೆಯ ಬಲತುದಿಯಲ್ಲಿ, ಅಂಟಿಸಿದ ಅರ್ಜಿಯ ಬೆನ್ನಿನಿಂದ ಹೆಬ್ಬೆರಳಗಲದ ಒಂದು ಬಿಳಿಯ ಪಟ್ಟಿ ಇಣುಕಿದಂತೆ ಕಂಡಿತು. ಕರವಸ್ತ್ರದಿಂದ ಒರೆಸಿದ. ಹೋಗಲಿಲ್ಲ. ಬಾಳಿನಲ್ಲಿ ಎಷ್ಟೋ ಕಲೆಗಳು ಹಾಗೆಯೇ ಎಂದು ಸುಮ್ಮನಾದ.

ಹಸ್ತಪ್ರತಿಯನ್ನು ನಿಲ್ಲಿಸಿಕೊಂಡು ಬೆರಳು ಬಿಟ್ಟ. ಟಕಟಕ ಟಕಟಕ, ಎಂಟರ್, ನೂಕು. ಟಕಟಕ ಟಕಟಕ, ಎಂಟರ್, ಎಳೆತ. ಅಕ್ಕ ಬರೆದದ್ದು ಹೀಗಿತ್ತು:

ಮಾನ್ಯರೇ, ತಾವು ಇಷ್ಟು ವರ್ಷಗಳ ಕಾಲ
“ಮೇಲಿನ ಮಹಡಿ ನನಗೆ ಬೇಡವೇ ಬೇಡ” ಎಂದವರು, ಹೆಸರಿಗಾಗಿ
ಕೆಲಸ ಮಾಡಿದವರಲ್ಲ. ಯಾರು ಏನು ಕೇಳಿದರೂ ತಮ್ಮ ಉತ್ತರ ಒಂದೇ:
“ನೆಲಮಾಳಿಗೆಯೇ ನನಗೆ ಸ್ವರ್ಗ, ಅದನ್ನು ಬಿಟ್ಟರೆ ನನಗೆಲ್ಲಿಯ
ನಿದ್ದೆ!” ತಮ್ಮ ಕೈಗೆ ಬಂದ ಕೊಡೆಗಳಲ್ಲಿ ಒಂದನ್ನಾದರೂ
ಮಳೆಗೆ ತೋರಿಸಿದವರಲ್ಲ; “ಧೂಳೇ ನನ್ನ ಬಂಧು, ಕತ್ತಲೇ ನನ್ನ ಬಳಗ” ಎನ್ನುತ್ತ ಉಗ್ರಾಣದ ಚಿಂತೆಯನ್ನು
ಮನೆಗೆ ಒಯ್ಯದೆ ಇದ್ದ ದಿನವಿಲ್ಲ. ತಾವು ಇಂದು ಹೊರಡುತ್ತಿರುವುದು
ತುಂಬಲಾರದ ನಷ್ಟ. “ನನ್ನ ಉಸಿರು ಇರುವುದೇ ಅಲ್ಲಿ” ಎಂದ ತಮ್ಮೊಡನೆ ದುಡಿದದ್ದು
ನಮಗೆಲ್ಲ ಪರಮ ಸಂತೋಷದ ಸಂಗತಿ.

ನಡುನಡುವೆ ಗಾಜಿನ ಕೋಣೆಯಿಂದ ‘ಟಿಣ್’ ಎಂಬ ಸದ್ದು ಕೇ‍ಳಿಬರುತ್ತಿತ್ತು. “ಸಾಹೇಬ್ರಿಗೆ ಇವತ್ತು ಯಾರೋ ಬಿಡದೆ ಬರೀತಿದ್ದಾರೆ” ಎಂದಳು ಅಕ್ಕ, ನೋಟು ಎಣಿಸುವುದನ್ನು ನಿಲ್ಲಿಸದೆ.

ಮುಗಿಸಿ ಟಕಟಕಣ್ಣ ಪರದೆ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಬರೆದದ್ದರಲ್ಲಿ ಅರ್ಧವಿಲ್ಲ. ಒಂದು ಸಾಲಿದೆ, ಮುಂದಿನದಿಲ್ಲ. ಮತ್ತೊಂದಿದೆ, ಅದರ ಮುಂದಿನದಿಲ್ಲ. ಮುದುಕನ ಬಾಯಿಯಂತೆ ಪುಟ ಬೊಚ್ಚಾಗಿ ನಗುತ್ತಿತ್ತು. ಕಳೆದ ಸಾಲುಗಳು ಅರ್ಜಿಯೊಳಕ್ಕೆ ನುಗ್ಗಿರಬಹುದೆಂದು ಅಲ್ಲಿ ಹುಡುಕಿದ. ಅರ್ಜಿ ಒಂದಕ್ಷರವೂ ಕೆಡದೆ, ಎಲ್ಲಕ್ಕಿಂತ ಮೇಲೆ, ಪ್ರತಿಷ್ಠಾಪನೆಗೊಂಡ ವಿಗ್ರಹದಂತೆ ಕುಳಿತಿತ್ತು.

“ಸಲಹೆಯಪ್ಪ! ಮಷೀನು ನನ್ನ ಸಾಲು ತಿಂತಾ ಇದೆ!”

ಸಲಹೆಯಪ್ಪ ಬಂದು, ವೈದ್ಯನಂತೆ ಪರದೆಯ ಹಣೆ ಮುಟ್ಟಿ ನೋಡಿದ. “ನಿಮ್ಮ ವೇಗ ಜಾಸ್ತಿ ಆಯ್ತು ಅಣ್ಣ. ಅದು ಒಂದು ಸಾಲು ನುಂಗೋದ್ರೊಳಗೆ ನೀವು ಇನ್ನೊಂದು ತುರುಕ್ತೀರಿ. ನಿಧಾನ. ಮಗೂಗೆ ಗಂಜಿ ಕುಡಿಸಿದ ಹಾಗೆ.”

ಪುಟ ಅಳಿಸಿ, ಟಕಟಕಣ್ಣ ಮಗುವಿಗೆ ಗಂಜಿ ಕುಡಿಸಿದಂತೆ ಮತ್ತೆ ಟೈಪ್ ಮಾಡಿದ. ಊಟದ ಹೊತ್ತು ಮೀರಿತು. ಕೋಣೆಯಲ್ಲಿ ಟಿಣ್, ಟಿಣ್ ಎಂದಿತು, ಈ ಸಲ ನಿಧಾನವಾಗಿ. ನೋಡಿದರೆ ಮತ್ತೆ ಅದೇ ಅರ್ಧ. ಹಸಿವಿನ ಸಂಕಟಕ್ಕೆ ಅವಮಾನವೂ ಸೇರಿ ಅವನ ಎದೆಯಲ್ಲಿ ಮೊದಲ ಬೆಕ್ಕಿನ ಮರಿ ಕೂಗಿತು.

ಈಗ ಅಕ್ಕನಿಗೆ ಸಿಟ್ಟು ಬಂತು. “ನನ್ನ ಒಳ್ಳೊಳ್ಳೆ ಸಾಲುಗಳೇ ಹೋಗಿವೆಯಲ್ರೀ! ‘ಧೂಳೇ ನನ್ನ ಬಂಧು’ ಎಲ್ಲಿ? ಅದಕ್ಕೋಸ್ಕರ ನಾನು ಎಷ್ಟು ಹೊತ್ತು ಕೂತಿದ್ದೆ ಗೊತ್ತಾ? ಕೊಡಿ ಇಲ್ಲಿ, ನಾನೇ ಹೇಳ್ತೀನಿ, ನೀವು ಹೊಡೀರಿ. ಗಟ್ಟಿಯಾಗಿ ಹೊಡೀರಿ!”

ಅಕ್ಕ ಎದೆಯ ಮೇಲೆ ಕೈಯಿಟ್ಟು ಭಾವಪೂರ್ಣವಾಗಿ ಓದಿದಳು. ಸಲಹೆಯಪ್ಪ ಪರದೆಯನ್ನು ಕಳ್ಳನನ್ನು ಕಾಯುವವನಂತೆ ದಿಟ್ಟಿಸಿದ. ಟಕಟಕಣ್ಣ ಕಣ್ಣು ಮುಚ್ಚಿ, ಕೀಲಿಗಳು ಕಿತ್ತುಬರುವಂತೆ ಹೊಡೆದ. ಸಾಲಿನ ಕೊನೆ ಬಂದಾಗೆಲ್ಲ ಎಡಗೈ ತನ್ನ ಹಳೆಯ ಸುಖವನ್ನು ತಾನು ನೂಕಿತು, ಎಳೆಯಿತು. ಆ ಕೈಯನ್ನು ಮಾತ್ರ ಯಾರೂ ನೋಡಲಿಲ್ಲ.

“ಅದೋ ಹೋಯ್ತು!” ಸಲಹೆಯಪ್ಪ ಕಿರುಚಿದ. “ಕಣ್ಣೆದುರಿಗೇ ಸಾಲು ಹೋಯ್ತು! ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ ಅಣ್ಣ.” ಜೀವನದಲ್ಲಿ ಮೊದಲ ಬಾರಿಗೆ ಸಲಹೆ ಮುಗಿದುಹೋಗಿ, ಅವನು ತನ್ನ ಜಾಗಕ್ಕೆ ಹೋಗಿ ಕುಳಿತ.

ಗಡಿಯಾರ ನಾಲ್ಕನ್ನು ಸಮೀಪಿಸುತ್ತಿತ್ತು. ಟಕಟಕಣ್ಣ ಒಂದು ನಿರ್ಧಾರಕ್ಕೆ ಬಂದ. ಎರಡನ್ನೂ ಅಚ್ಚಿಗೆ ಕೊಡುವುದು. ಮೊದಲು ಅರ್ಜಿಯನ್ನು ಸಾಹೇಬರಿಗೆ ಮುಟ್ಟಿಸುವುದು. ಬಂದು, ಮಾನಪತ್ರದಲ್ಲಿ ಬಿಟ್ಟುಹೋದ ಸಾಲುಗಳನ್ನು ಪೆನ್ನಿನಲ್ಲಿ ತುಂಬುವುದು. ಅರ್ಧ ಮಾನಪತ್ರವನ್ನು ಮೇಜಿನ ಮೇಲಿಟ್ಟು, ಅರ್ಜಿ ಹಿಡಿದು ಗಾಜಿನ ಬಾಗಿಲು ತಟ್ಟಿದ.

ಆಶ್ಚರ್ಯ. ಸಾಹೇಬರು ಡ್ರಾಯರಿನೊಳಕ್ಕೆ ತಲೆ ಹಾಕಲಿಲ್ಲ. ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಂಚು ಒದ್ದೆಯಾಗಿತ್ತು.

“ಬೇಡ ಇವರೇ, ಬೇಡ. ಇನ್ನು ಅರ್ಜಿ ಯಾಕೆ? ನಿಮ್ಮ ಮನಸ್ಸು ನನಗೆ ಪೂರ್ತಿ ಗೊತ್ತಾಗಿದೆ.”

“ಸಾರ್, ನನ್ನ ಉಸಿರು...”

“ಅದೂ ಗೊತ್ತು. ನಿಮ್ಮ ಉಸಿರು ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ? ನೀವು ಕೇಳಿಕೊಂಡ ಹಾಗೇ ಮಾಡ್ತೀನಿ. ಸಂಜೆ ಎಲ್ಲರ ಎದುರಿಗೇ ಹೇಳ್ತೀನಿ.”

ಟಕಟಕಣ್ಣ ಹೊರಬಂದಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಅರ್ಥವಾಗುವುದು ಇಷ್ಟು ಸುಲಭವೇ? ಇಷ್ಟು ವರ್ಷ ತಾನೇ ಸುಮ್ಮನೆ ಹೆದರಿದೆನೇ? ಹೆಂಡತಿಗೆ ಫೋನ್ ಮಾಡಿ, “ಆಯ್ತು ಕಣೇ, ಕೇಳಿದ ಹಾಗೇ ಮಾಡ್ತಾರಂತೆ” ಎಂದ. ಆ ಕಡೆಯಿಂದ ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆ ನಿಟ್ಟುಸಿರಿನ ಸಂತೋಷದಲ್ಲಿ ಅವನು ಮೇಜಿನ ಮೇಲಿದ್ದ ಅರ್ಧ ಮಾನಪತ್ರವನ್ನು ಮರೆತೇಬಿಟ್ಟ. ಅದನ್ನು ಮರೆಯದಿದ್ದವನು ಜವಾನ. ಅವನು ಬಂದು ಹಾಳೆಯನ್ನೆತ್ತಿ, ಗಾಜಿನ ಚೌಕಟ್ಟಿಗೆ ಕೂರಿಸಿ, ಹಿಂಬದಿಗೆ ಮೊಳೆ ಹೊಡೆದು, ಹೊಳೆಯುವ ಕಾಗದದಲ್ಲಿ ಸುತ್ತಿ ವೇದಿಕೆಗೆ ಒಯ್ದ.

ಸಂಜೆ ಮೇಜುಗಳನ್ನು ಸರಿಸಿ ಕುರ್ಚಿ ಹಾಕಿದ್ದರು. ಸ್ಟೋರಣ್ಣ, ಬೆಳಕಿಗೆ ಹೊಂದಿಕೊಳ್ಳದ ಕಣ್ಣುಗಳನ್ನು ಪಿಳಿಪಿಳಿಸುತ್ತ, ಕಾಲ ಬಳಿ ಉದ್ದನೆಯ ಚೀಲವೊಂದನ್ನು ಇಟ್ಟುಕೊಂಡು ನಡುವೆ ಕುಳಿತಿದ್ದ. ಸಾಹೇಬರು ಹೊಳೆಯುವ ಕಾಗದ ಬಿಚ್ಚಿದರು. ಚೌಕಟ್ಟು ಕಂಡೊಡನೆ ಟಕಟಕಣ್ಣನಿಗೆ ನೆನಪಾಯಿತು. ಅರ್ಧ ಎದ್ದ. ಹಿಂದಿನಿಂದ ಯಾರೋ ಅವನ ಅಂಗಿ ಹಿಡಿದು ಕೂರಿಸಿದರು. ಸಾಹೇಬರಿಗೆ ಮಾತು ಬಾರದು, ಓದು ಮಾತ್ರ ಚೆನ್ನಾಗಿ ಬರುತ್ತಿತ್ತು. ಅರ್ಥದ ಗೊಡವೆಗೆ ಹೋಗದೆ, ತುಂಬುಕಂಠದಲ್ಲಿ ಓದಿದರು:

“ಮಾನ್ಯರೇ, ತಾವು ಇಷ್ಟು ವರ್ಷಗಳ ಕಾಲ ಕೆಲಸ ಮಾಡಿದವರಲ್ಲ. ಯಾರು ಏನು ಕೇಳಿದರೂ ತಮ್ಮ ಉತ್ತರ ಒಂದೇ: ನಿದ್ದೆ! ತಮ್ಮ ಕೈಗೆ ಬಂದ ಕೊಡೆಗಳಲ್ಲಿ ಒಂದನ್ನಾದರೂ ಮನೆಗೆ ಒಯ್ಯದೆ ಇದ್ದ ದಿನವಿಲ್ಲ. ತಾವು ಇಂದು ಹೊರಡುತ್ತಿರುವುದು ನಮಗೆಲ್ಲ ಪರಮ ಸಂತೋಷದ ಸಂಗತಿ.”

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಾಹೇಬರು ಚೌಕಟ್ಟನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದರು. ಮೊಳೆಗಳಿದ್ದವು.

ಸ್ಟೋರಣ್ಣ ನಿಧಾನವಾಗಿ ಎದ್ದು ನಿಂತ. ಅವನ ಮುಖ ಬೂದಿಯಾಗಿತ್ತು.

“ಯಾರು ಹೇಳಿದ್ದು ನಿಮಗೆ?” ಎಂದ.

ಅವನು ಬಾಗಿ ಚೀಲದ ಬಾಯಿ ಬಿಚ್ಚಿದ. ಒಳಗಿನಿಂದ ಒಂದು ಹೊಚ್ಚಹೊಸ ಕೊಡೆ ತೆಗೆದು ಮೇಜಿನ ಮೇಲಿಟ್ಟ. ಇನ್ನೊಂದು ಇಟ್ಟ. ಮಕ್ಕಳ ಹೂವಿನ ಕೊಡೆಯೊಂದನ್ನು, ಸ್ವಲ್ಪ ತಡೆದು, ಇಟ್ಟ.

“ಇವತ್ತಿನವು ಇಷ್ಟೇ ಸ್ವಾಮಿ. ಮೊಮ್ಮಗಳು ಕೇಳಿದ್ಲು. ಉಳಿದವನ್ನ ನಾಳೆ ಗಾಡಿ ಮಾಡ್ಕೊಂಡು ತಂದು ಕೊಡ್ತೀನಿ. ಆದ್ರೆ ನಿದ್ದೆ ವಿಷಯ ಹೊರಗಡೆಯವರಿಗೆ ಹೇಗೆ ಗೊತ್ತಾಯ್ತು? ನಾನು ಒಳಗಿಂದ ಚಿಲಕ ಹಾಕ್ಕೊಂಡೇ ಮಲಗ್ತಿದ್ದೆ. ಯಾರಪ್ಪ ಇದನ್ನ ಟೈಪ್ ಮಾಡಿದ್ದು?”

ಎಲ್ಲರ ಕಣ್ಣೂ ಟಕಟಕಣ್ಣನ ಕಡೆಗೆ ತಿರುಗಿದವು.

ಸಾಹೇಬರ ಮುಖ ಮೊದಲು ಕಪ್ಪಾಯಿತು, ಆಮೇಲೆ ಕೆಂಪಾಯಿತು, ಕೊನೆಗೆ ಅದರ ಮೇಲೆ ಮೆಚ್ಚುಗೆಯ ಬೆಳಕೊಂದು ಮೂಡಿತು.

“ಈಗ ಗೊತ್ತಾಯ್ತು!” ಎಂದರು. “ಇವರು ಯಾಕೆ ಅಷ್ಟೊಂದು ಹಟ ಹಿಡಿದರು ಅಂತ ಈಗ ಗೊತ್ತಾಯ್ತು. ಕೇಳಿ ಎಲ್ಲರೂ. ಈ ಮನುಷ್ಯನಿಗೆ ಉಬ್ಬಸ. ಕೆಳಗೆ ಹೋಗೋದು ಬೇಡ ಅಂತ ಬೆಳಿಗ್ಗೆ ನಾನೇ ಇವರಿಗೆ ಬರೆದೆ. ಇವರು ಏನುತ್ತರ ಕೊಟ್ರು ಗೊತ್ತಾ? ‘ಮೇಲಿನ ಮಹಡಿ ನನಗೆ ಬೇಡವೇ ಬೇಡ. ನೆಲಮಾಳಿಗೆಯೇ ನನಗೆ ಸ್ವರ್ಗ. ಅದನ್ನು ಬಿಟ್ಟರೆ ನನಗೆಲ್ಲಿಯ’... ಅಷ್ಟಕ್ಕೇ ನಿಲ್ಲಿಸಿದ್ರು. ಪಾಪ, ದುಃಖಕ್ಕೆ ಮಾತು ಮುಗಿಸೋಕೂ ಆಗಲಿಲ್ಲ. ‘ಧೂಳೇ ನನ್ನ ಬಂಧು’ ಅಂದ್ರು. ಒಂದು ಸಲ ಅಲ್ಲ, ಮೂರು ಸಲ ಬರೆದ್ರು! ನಡುನಡುವೆ ಹೊಂದಿಕೆಯಿಲ್ಲದ ಮಾತೂ ಇತ್ತು, ಭಾವುಕತೆ ಅಂದ್ಕೊಂಡೆ. ಈಗ ನೋಡಿದ್ರೆ ಉಗ್ರಾಣದ ಒಳಹೊರಗನ್ನೆಲ್ಲ ತಿಳ್ಕೊಂಡಿರೋ ಪ್ರಾಮಾಣಿಕರು ಇವರೊಬ್ಬರೇ. ಸ್ಟೋರಣ್ಣ, ಬೀಗದ ಕೈ ಇವರಿಗೆ ಕೊಡಿ.”

ಚಪ್ಪಾಳೆ ಬಿತ್ತು. ಟಕಟಕಣ್ಣ ಬಾಯಿ ತೆರೆದ. ಎದೆಯೊಳಗಿನ ಬೆಕ್ಕಿನ ಮರಿಗಳೆಲ್ಲ ಒಟ್ಟಿಗೆ ಎದ್ದು ಗಂಟಲಿಗೆ ಬಂದಿದ್ದವು. ಕುಯ್ ಎಂಬ ಸಣ್ಣ ಸದ್ದು ಬಿಟ್ಟು ಬೇರೇನೂ ಹೊರಡಲಿಲ್ಲ.

“ಗಂಟಲು ಕಟ್ಟಿದೆ ಪಾಪ” ಎಂದ ಸಲಹೆಯಪ್ಪ. “ಸಂತೋಷಕ್ಕೆ.”

“ನೋಡ್ಕೊಳ್ಳಪ್ಪ” ಎಂದ ಸ್ಟೋರಣ್ಣ, ತಣ್ಣನೆಯ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು. “ಮೂರನೇ ಸಾಲಿನ ಹಿಂದೆ ಹಾಸಿಗೆ ಇದೆ. ಅದು ನನ್ನದೇ. ಇರ್ಲಿ, ಇಟ್ಕೋ.”

ಕುರ್ಚಿಗಳನ್ನು ಮಡಚಿ ಒಯ್ದರು. ಜನ ಕರಗಿದರು. ಟಕಟಕಣ್ಣ ಒಂದು ಸಲ ಔಷಧ ಎಳೆದುಕೊಂಡು, ತನ್ನ ಮೇಜಿನ ಮುಂದೆ ಬಂದು ಕುಳಿತ. ಗಾಜಿನ ಕೋಣೆಯಲ್ಲಿ ಇನ್ನೂ ದೀಪವಿತ್ತು. ಪರದೆಯ ಮೇಲೆ, ಎಡಕ್ಕೆ ಬೊಚ್ಚು ಮಾನಪತ್ರ, ಅದನ್ನು ಮುಚ್ಚಿದ. ಬಲಕ್ಕೆ, ಎಲ್ಲಕ್ಕಿಂತ ಮೇಲೆ, ಅವನ ಅರ್ಜಿ. ಪ್ರಳಯ ಬಂದರೂ ಅಡಿಗೆ ಹೋಗದ ಅರ್ಜಿ. ಅದನ್ನೂ ಮುಚ್ಚಿದ.

ಅದರ ಬೆನ್ನಿಗೆ ಇತ್ತು, ಬೆಳಗಿನಿಂದಲೂ. ಒರೆಸಿದರೆ ಹೋಗದ ಆ ಬಿಳಿಯ ಪಟ್ಟಿ, ಒಂದು ಪೂರ್ತಿ ಕಿಟಕಿಯ ಅಂಚು. ಮೌಸನ್ನು ಬಲಕ್ಕೆ ನೂಕಿದಾಗೆಲ್ಲ ಬಾಣ ಹೋಗಿ ನಿಂತದ್ದು ಅದರ ಮೇಲೆಯೇ. ಸಾಹೇಬರ ಸಂದೇಶ: “ನಿಮ್ಮ ಉಬ್ಬಸದ ವಿಷಯ ಈಗ ತಿಳಿಯಿತು. ನಿಮ್ಮನ್ನು ಕೆಳಗೆ ಕಳಿಸುವುದಿಲ್ಲ. ಅರ್ಜಿ ಬೇಡ. ಇದಕ್ಕೆ ತಾವು ಒಪ್ಪಿದಂತೆ ತಾನೇ?” ಅದರ ಕೆಳಗೆ, ಅವನದೇ ಹೆಸರಿನಲ್ಲಿ, ಅವನದೇ ಬೆರಳು ಹೊಡೆದ, ಅಕ್ಕನ ಒಳ್ಳೊಳ್ಳೆಯ ಸಾಲುಗಳು, ಒಂದಾದ ಮೇಲೊಂದು, ಮೂರು ಆವೃತ್ತಿ. ಎಲ್ಲಕ್ಕೂ ಕೊನೆಗೆ ಸಾಹೇಬರ ಉತ್ತರ: “ನಿಮ್ಮ ಇಚ್ಛೆಯಂತೆಯೇ ಆಗಲಿ.”

ಕೇಳಿಕೊಂಡದ್ದು ಕೇಳುವ ಮೊದಲೇ ಸಿಕ್ಕಿತ್ತು. ಸಿಕ್ಕಿದ್ದನ್ನು ಮುಚ್ಚಿ ಕುಳಿತದ್ದು ಆ ಕೇಳಿಕೆಯೇ.

ಗಾಜಿನಾಚೆ ಸಾಹೇಬರು ಚೀಲಕ್ಕೆ ಡಬ್ಬಿ ಹಾಕಿಕೊಳ್ಳುತ್ತಿದ್ದರು. ಇನ್ನೂ ಹೊತ್ತಿದೆ. ಬಾಯಿಯಿಂದ ಆಗದ್ದು ಬೆರಳಿನಿಂದ ಆದೀತು. ಟಕಟಕಣ್ಣ ಬಾಣವನ್ನು ಆ ಕಿಟಕಿಯ ಮೇಲಿಟ್ಟ. ಕಣ್ಣು ಮಂಜಾಗಿತ್ತು; ಆಗದಿದ್ದರೂ ಅವನು ಪರದೆ ನೋಡುತ್ತಿರಲಿಲ್ಲ. ಇಡೀ ಜೀವವನ್ನು ಹತ್ತು ಬೆರಳಿಗೆ ತಂದು ಹೊಡೆದ:

“ಸಾಹೇಬರೇ, ಉಗ್ರಾಣಕ್ಕೆ ಹೋಗಲು ನಾನು ಮನಃಪೂರ್ವಕವಾಗಿ”

ಸಾಲಿನ ಅಂಚು ಬಂತು. ಎಂಟರ್ ಒತ್ತಿದ. ಎಡಗೈ, ಒಂದು ಮಾತು ಮುಗಿದ ಸುಖದಲ್ಲಿ, ಮೌಸನ್ನು ಮೆಲ್ಲನೆ ಎಡಕ್ಕೆ ಎಳೆದುಕೊಂಡಿತು. ಬಾಣ ಕಿಟಕಿಯನ್ನು ದಾಟಿ, ಮಾನಪತ್ರ ಮುಚ್ಚಿ ಖಾಲಿಯಾಗಿದ್ದ ಪರದೆಯ ಮೇಲೆ ಹೋಗಿ ನಿಂತಿತು. ಟಕಟಕಣ್ಣ ಹೊಡೆದ:

“ಒಪ್ಪಿದವನಲ್ಲ. ಅವು ಯಾವುವೂ ನನ್ನ ಮಾತಲ್ಲ. ನನ್ನನ್ನು ಉಳಿಸಿ.”

ಕೋಣೆಯಲ್ಲಿ ‘ಟಿಣ್’ ಎಂದದ್ದು ಒಂದೇ ಸಲ. ಸಾಹೇಬರು ನಿಂತಲ್ಲಿಂದಲೇ ಬಾಗಿ ಓದಿದರು, ಗಾಜಿನ ಮೂಲಕ ಅವನತ್ತ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು, ಎರಡು ಬೆರಳಿನಲ್ಲಿ ಏನನ್ನೋ ಕುಟ್ಟಿದರು. ಕೋಣೆಯ ದೀಪ ಆರಿತು.

ಟಕಟಕಣ್ಣ ಪರದೆಯತ್ತ ನೋಡಿದ.

“ಗೊತ್ತು. ನಾಳೆ ಬೆಳಿಗ್ಗೆ ಬೀಗದ ಕೈ ಮರೆಯಬೇಡಿ.”